ಮಗನ ಮಿಲಿಟರಿ ಸೇವೆ ಮುಂದೂಡಬಹುದಾ, ವಶೀಲಿ ನಡೆಯುತ್ತದಾ? ಶಿರಸಿ–ಕಾರವಾರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹನ್ನೊಂದು ವರ್ಷ ಸಿಂಗಾಪುರದಲ್ಲಿ ಇದ್ದೆ. ಮಗ ಅಲ್ಲಿ ಎರಡು ವರ್ಷದ ಕಡ್ಡಾಯ ಮಿಲಿಟರಿ ಸೇವೆ ಮುಗಿಸಿದ. ಶಿರಸಿಗೆ ವಾಪಸ್ ಬಂದ ಮೇಲೆ, ಅಡಿಕೆ ವಖಾರಿಯ ಜಗಲಿಯಿಂದ ಹಿಡಿದು ಮದುವೆ ಮನೆಯ ಪಂಕ್ತಿಯ ತನಕ, ಜನ ನನ್ನನ್ನು ಹಿಡಿದು ಕೇಳುವುದು ಇದನ್ನೇ. ಒಮ್ಮೆ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸೇ ತಪ್ಪಿಹೋಯಿತು. ಒಂದು ಸಲ ಬರೆದಿಟ್ಟರೆ ಇನ್ನು ಮುಂದೆ ಲಿಂಕ್ ಕಳಿಸಿ ಸುಮ್ಮನಿರಬಹುದು ಅಂತ ಬರೆದಿದ್ದೇನೆ.

ನಮ್ಮ ದೇಶದಲ್ಲಿ ಕಡ್ಡಾಯ ಮಿಲಿಟರಿ ಸೇವೆ ಇದೆಯಾ?

ಇಲ್ಲ. ಅಗ್ನಿಪಥ ಬಂದಾಗ ಕೆಲವರು ಹಾಗೆ ತಿಳಿದುಕೊಂಡಿದ್ದರು. 2022ರಲ್ಲಿ ಶುರುವಾದ ಆ ಯೋಜನೆಯಲ್ಲಿ ನಾಲ್ಕು ವರ್ಷದ ಸೇವೆ. ಆಮೇಲೆ ನೂರಕ್ಕೆ 25 ಜನರ ತನಕ ಕಾಯಂ ಆಗಬಹುದು. ಆದರೆ ಅರ್ಜಿ ಹಾಕುವುದು, ಬಿಡುವುದು ಹುಡುಗನ ಇಷ್ಟ.

ಬೇಕಾದರೆ ಸರ್ಕಾರ ಕಡ್ಡಾಯ ಮಾಡಬಹುದು. ಸಂವಿಧಾನದ 23ನೇ ವಿಧಿಯ ಎರಡನೇ ಭಾಗ ಸಾರ್ವಜನಿಕ ಕೆಲಸಕ್ಕಾಗಿ ಕಡ್ಡಾಯ ಸೇವೆ ಹೇರಲು ಅವಕಾಶ ಕೊಡುತ್ತದೆ. ಜೊತೆಗೇ ಒಂದು ಷರತ್ತು ಇದೆ. ಬರೀ ಧರ್ಮ, ಜನಾಂಗ, ಜಾತಿ ಅಥವಾ ವರ್ಗ ನೋಡಿ ಭೇದ ಮಾಡುವಂತಿಲ್ಲ. ನನಗೆ ಕುತೂಹಲ ಹುಟ್ಟಿಸುವುದು ಆ ಕೊನೆಯ ‘ವರ್ಗ’ ಅನ್ನುವ ಪದ. ಸೇವೆಯೇ ಇಲ್ಲದ ದೇಶದಲ್ಲಿ, ಶ್ರೀಮಂತರ ಮಕ್ಕಳು ನುಣುಚಿಕೊಂಡಾರು ಅನ್ನುವ ಯೋಚನೆ ಮೊದಲೇ ಬಂದಿತ್ತು, ಅಲ್ವಾ?

ಹಾಗಾದರೆ ಶಿರಸಿಯ ತೋಟದ ಮನೆಯವರಿಗೆ ಇದರ ತಲೆಬಿಸಿ ಯಾಕೆ?

ಮಗ, ಸೊಸೆ ಸಿಂಗಾಪುರದಲ್ಲಿ ಕೆಲಸಕ್ಕೆ ಇರುತ್ತಾರೆ. ಕಾಯಂ ವಾಸದ ಪರವಾನಗಿ ಸಿಗುತ್ತದೆ. ಮಕ್ಕಳ ಹೆಸರನ್ನೂ ಅದರಲ್ಲಿ ಸೇರಿಸುತ್ತಾರೆ. ಕೆಲಸದ ಮೇಲೆ ಪರವಾನಗಿ ಪಡೆದ ಅಪ್ಪನಿಗೆ ಸೇವೆ ಇಲ್ಲ. ಅಪ್ಪನ ಮೂಲಕ ಪರವಾನಗಿ ಪಡೆದ ಗಂಡು ಹುಡುಗನಿಗೆ ಇದೆ. ಹದಿನಾರೂವರೆ ವರ್ಷಕ್ಕೆ ಹೆಸರು ನೋಂದಣಿ, ಸುಮಾರು ಹದಿನೆಂಟಕ್ಕೆ ತಲೆ ಬೋಳಿಸಿಕೊಂಡು ಟೆಕಾಂಗ್ ದ್ವೀಪದಲ್ಲಿ ತರಬೇತಿ. ಪಾಸ್‌ಪೋರ್ಟ್ ಭಾರತದ್ದೇ ಇದ್ದರೂ ಹೋಗಬೇಕು.

ಎಷ್ಟೋ ಮನೆಗಳಲ್ಲಿ ಅರ್ಜಿ ತುಂಬುವಾಗ ಇದು ಯಾರ ತಲೆಗೂ ಹೋಗಿರುವುದಿಲ್ಲ. ಹುಡುಗ ಆಗ ಆರು ವರ್ಷದವನು. ಹನ್ನೆರಡು ವರ್ಷ ಕಳೆದ ಮೇಲೆ ಅಜ್ಜಿ ಫೋನ್ ಮಾಡಿ, ‘ನಮ್ಮ ಮಾಣಿ ಬಂದೂಕು ಹಿಡೀತ್ನಡ, ಹೌದಾ?’ ಅಂತ ಅಳುತ್ತಾಳೆ.

ಮುಂದೂಡಿಕೆ ಅಂದರೆ ಪೂರ್ತಿ ಮಾಫಿ ಅಂತಲಾ?

ಅಲ್ಲ. ಮೂರು ಬೇರೆ ಬೇರೆ. ಮುಂದೂಡಿಕೆ ಅಂದರೆ ಈಗ ಬೇಡ, ಇಷ್ಟು ದಿನ ಬಿಟ್ಟು ಬರುತ್ತೇನೆ ಅನ್ನುವುದು. ಮಧ್ಯೆ ಬಿಡುವುದು ಅಂದರೆ ಸೇರಿದ ಮೇಲೆ ಓದಿಗೆ ಹೋಗಿ, ಆಮೇಲೆ ಬಂದು ಉಳಿದದ್ದನ್ನು ಮುಗಿಸುವುದು. ಮಾಫಿ ಅಂದರೆ ಲೆಕ್ಕವೇ ಚುಕ್ತಾ.

ಕಾಗದದ ಮೇಲೆ ಹೀಗೆ. ಆದರೆ ಹದಿನೆಂಟರ ಹುಡುಗ ಮುಗಿಸುವ ಎರಡು ವರ್ಷ, ಮೂವತ್ತರ ವಿಜ್ಞಾನಿ ಲ್ಯಾಬಿನಲ್ಲಿ ಕೂತು ಮುಗಿಸುವ ವರ್ಷ ಒಂದೇ ತೂಕದ್ದಾ? ಜಗಳ ಹುಟ್ಟುವುದೇ ಇಲ್ಲಿ.

2011ರಲ್ಲಿ ಸಿಂಗಾಪುರದಲ್ಲಿ ದೊಡ್ಡ ಗಲಾಟೆ ಆಯಿತಂತೆ. ಏನದು?

ಆ ವರ್ಷ ರಾಷ್ಟ್ರಪತಿ ಚುನಾವಣೆ. ಕಣದಲ್ಲಿದ್ದ ನಾಲ್ವರ ಅಡ್ಡಹೆಸರೂ ತಾನ್. ನಮ್ಮ ಶಿರಸಿಯಲ್ಲಿ ನಾಲ್ಕು ಹೆಗಡೆಯವರು, ಅಂಕೋಲೆಯಲ್ಲಿ ನಾಲ್ಕು ನಾಯಕರು ನಿಂತ ಹಾಗೆ. ಅವರಲ್ಲಿ ಟೋನಿ ತಾನ್ ಹಳೇ ಮಂತ್ರಿ. 1995ರಿಂದ 2003ರ ತನಕ ರಕ್ಷಣಾ ಖಾತೆ ಅವರದೇ.

ಜುಲೈ ಹೊತ್ತಿಗೆ ಇಂಟರ್ನೆಟ್ಟಿನಲ್ಲಿ ಒಂದು ಪ್ರಶ್ನೆ ಎದ್ದಿತು. ಅವರ ಮಗ 1988ರಲ್ಲಿ ಸೇವೆಯನ್ನು ಮಧ್ಯೆ ಬಿಟ್ಟು ಅಮೆರಿಕಕ್ಕೆ ವೈದ್ಯಕೀಯ ಓದಲು ಹೋಗಿದ್ದರು. ಸುಮಾರು ಹನ್ನೆರಡು ವರ್ಷ ಆದ ಮೇಲೆ ಬಂದು, ವೈದ್ಯಕೀಯ ಸಂಶೋಧನೆಯ ಕೆಲಸದಲ್ಲಿ ಉಳಿದ ಸೇವೆ ಮುಗಿಸಿದ್ದರು. ಇಷ್ಟು ಉದ್ದದ ಅವಕಾಶ ಬೇರೆ ಯಾರಿಗೆ ಸಿಕ್ಕಿತ್ತು ಅಂತ ಜನ ಕೇಳಿದರು. ರಕ್ಷಣಾ ಸಚಿವಾಲಯ ಹೇಳಿಕೆ ಕೊಟ್ಟಿತು: ಅಂಥ ಓದಿಗೆ ಆಗ ಅವಕಾಶ ಇತ್ತು, ವಿಶೇಷ ಸವಲತ್ತು ಕೊಟ್ಟಿಲ್ಲ. ತನ್ನ ಮಕ್ಕಳೆಲ್ಲ ಸೇವೆ ಮುಗಿಸಿದ್ದಾರೆ, ತಾನು ಎಲ್ಲೂ ಕೈ ಹಾಕಿಲ್ಲ ಅಂತ ಅಪ್ಪನೂ ಹೇಳಿದರು. ಆಗಸ್ಟ್ 27ರಂದು ಮತದಾನ ನಡೆಯಿತು. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಮತಗಳಲ್ಲಿ ಅವರು ಗೆದ್ದದ್ದು 7,382ರಿಂದ.

ನಿಯಮದ ಪ್ರಕಾರವೇ ಆಗಿದ್ದರೆ ತಪ್ಪೇನಿದೆ?

ಈ ಪ್ರಶ್ನೆಯನ್ನು ನನ್ನ ಭಾವ ಕೇಳಿದ. ವಕೀಲ, ಬಿಡುವುದಿಲ್ಲ.

ನಿಯಮ ಮುರಿದಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಯಾರೂ ತೋರಿಸಿಯೂ ಇಲ್ಲ. ಆದರೆ ವಶೀಲಿ ಅಂದರೆ ಫೋನ್ ಮಾಡಿ ಹೇಳಿಸುವುದು ಮಾತ್ರ ಅಂತ ನಾವು ತಿಳಿದಿದ್ದೇವೆ. ಇನ್ನೊಂದು ಥರದ ವಶೀಲಿ ಇದೆ. ಅದರಲ್ಲಿ ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ. ಇಂಥ ಬಾಗಿಲು ಇದೆ ಅಂತ ಆ ಮನೆಯ ಮಕ್ಕಳಿಗೆ ಹುಟ್ಟಿನಿಂದ ಗೊತ್ತಿರುತ್ತದೆ, ಅಷ್ಟೇ. ಯಾವ ಕಾಲೇಜಿನ ಪತ್ರ ತಂದರೆ ಕೆಲಸ ಆಗುತ್ತದೆ, ಅರ್ಜಿ ಯಾವಾಗ ಹಾಕಬೇಕು, ಯಾವ ಪದ ಬರೆಯಬೇಕು, ಎಲ್ಲ ಊಟದ ಹೊತ್ತಿನ ಮಾತಿನಲ್ಲೇ ಕಲಿತಿರುತ್ತಾರೆ. ಟ್ಯಾಕ್ಸಿ ಓಡಿಸುವವನ ಮಗನಿಗೆ ಆ ಬಾಗಿಲು ಇದೆ ಅಂತಲೇ ಗೊತ್ತಿರುವುದಿಲ್ಲ. ಅವನು ಅರ್ಜಿ ಹಾಕುವುದಿಲ್ಲ. ‘ಅರ್ಜಿ ಹಾಕಿದ ಯಾರಿಗೂ ನಾವು ಭೇದ ಮಾಡಿಲ್ಲ’ ಅಂತ ಕಚೇರಿ ಹೇಳಿದರೆ ಅದು ನಿಜವೇ. ಹಾಗಿದ್ದೂ ಅನ್ಯಾಯ ಆಗಿರಬಹುದು.

ನನ್ನ ಅಳತೆಗೋಲು ಒಂದೇ. ಹೆಸರು, ಅಪ್ಪನ ಹೆಸರು ಎರಡನ್ನೂ ಮಡಚಿ ಮುಚ್ಚಿಟ್ಟು, ಅದೇ ಅರ್ಜಿ ಕೊಟ್ಟರೆ ಅದೇ ಉತ್ತರ ಬರುತ್ತದಾ? ಬಂದರೆ ಅರ್ಧ ನ್ಯಾಯ. ಆ ಅರ್ಜಿ ಬರೆಯಬಹುದು ಅಂತ ಎಲ್ಲರಿಗೂ ಗೊತ್ತಿತ್ತಾ? ಅದು ಉಳಿದರ್ಧ. ಈ ಮಾತಿಗೆ ಭಾವ ಒಪ್ಪಿಲ್ಲ, ಬಿಡಿ.

ಡಾಕ್ಟರ್ ಓದುವವರಿಗೆ ಈಗಲೂ ಬಿಡುತ್ತಾರಾ?

ಸಿಂಗಾಪುರದ ಒಳಗಿನ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕವರು ಸೇವೆಯ ಮಧ್ಯೆ ಓದಿಗೆ ಹೋಗಿ, ಆಮೇಲೆ ಸೈನ್ಯದ ಡಾಕ್ಟರ್ ಆಗಿ ವಾಪಸ್ ಬರುತ್ತಾರೆ. ಸೈನ್ಯಕ್ಕೂ ಡಾಕ್ಟರ್ ಬೇಕಲ್ಲ. ಪಿಯುಸಿ ಮಟ್ಟದ ಓದು, ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಲೂ ಮುಂದೂಡುತ್ತಾರೆ. ಬೇರೆ ಡಿಗ್ರಿಗೆ ಸಾಮಾನ್ಯವಾಗಿ ಇಲ್ಲ. ನಾವೂ ಮಗನ ಇಂಜಿನಿಯರಿಂಗಿಗೆ ಅಂತ ಒಂದು ಕಾಗದ ಬರೆದು ನೋಡಿದೆವು. ಎರಡು ಸಾಲಿನ ಉತ್ತರ ಬಂತು. ಆಗ ಸಿಟ್ಟು ಬಂದಿತ್ತು. ಪಕ್ಕದ ಮನೆಯ ಚೀನೀ ಹುಡುಗನಿಗೂ ಅದೇ ಎರಡು ಸಾಲು ಬಂದದ್ದು ನೋಡಿದ ಮೇಲೆ ಹೋಯಿತು.

ಆಟಗಾರರಿಗೆ?

ಜೋಸೆಫ್ ಸ್ಕೂಲಿಂಗ್ ಅನ್ನುವ ಈಜುಗಾರನಿಗೆ 2013ರಲ್ಲಿ ಮುಂದೂಡಿಕೆ ಸಿಕ್ಕಿತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬಟರ್‌ಫ್ಲೈನಲ್ಲಿ ಚಿನ್ನ ತಂದ. ಅದು ಆ ದೇಶದ ಮೊದಲ ಒಲಿಂಪಿಕ್ ಚಿನ್ನ. 2018ರಲ್ಲಿ ಇಂಗ್ಲೆಂಡಿನ ಫುಲಂ ಕ್ಲಬ್ ಜೊತೆ ಒಪ್ಪಂದ ಮಾಡಿಕೊಂಡ ಫುಟ್‌ಬಾಲ್ ಹುಡುಗ ಬೆನ್ ಡೇವಿಸ್‌ಗೆ ಸಿಗಲಿಲ್ಲ. ಒಬ್ಬ ದೇಶಕ್ಕೆ ಈಜುತ್ತಾನೆ, ಇನ್ನೊಬ್ಬ ಕ್ಲಬ್ಬಿಗೆ ಆಡುತ್ತಾನೆ ಅನ್ನುವುದು ಸರ್ಕಾರದ ವಾದ. ಸರಿಯೇ ಅನ್ನಿಸುತ್ತದೆ. ಆದರೆ ಮಗನನ್ನು ಚಿಕ್ಕವನಿದ್ದಾಗಲೇ ಅಮೆರಿಕದಲ್ಲಿಟ್ಟು ಈಜು ಕಲಿಸುವ ತಾಕತ್ತು ಎಷ್ಟು ಮನೆಗಳಿಗೆ ಇದೆ? ಕಾಳಿ ನದಿಯಲ್ಲಿ ಈಜಿ ಬೆಳೆದ ನಮ್ಮ ಹುಡುಗರ ನೆನಪಾಗುತ್ತದೆ.

ದುಡ್ಡು ಕಟ್ಟಿ ತಪ್ಪಿಸಿಕೊಳ್ಳಬಹುದಾ?

ಹೆಚ್ಚು ಜನ ಪಿಸುಮಾತಿನಲ್ಲಿ ಕೇಳುವ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದ.

ನಮ್ಮ ಕಡೆ ಮುಯ್ಯಾಳು ಪದ್ಧತಿ ಇತ್ತಲ್ಲ. ನಿಮ್ಮ ಮನೆ ಕೊನೆ ಕೊಯ್ಲಿಗೆ ನಾನು, ನಮ್ಮ ಮನೆಯದಕ್ಕೆ ನೀವು. ದೊಡ್ಡ ಮನೆಯವರು ತಾವು ಬರದೆ ಕೂಲಿಯಾಳನ್ನು ಕಳಿಸುತ್ತಿದ್ದರು. ಲೆಕ್ಕಕ್ಕೆ ಒಂದಾಳು ಬಂದ ಹಾಗಾಯಿತು. ಆದರೂ ಊರವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಕೆಲಸ ಕಮ್ಮಿ ಆಗಿದ್ದಕ್ಕಲ್ಲ, ಬೆನ್ನು ಬಗ್ಗಿಸಲಿಲ್ಲ ಅಂತ.

ಅಮೆರಿಕದವರು ತಮ್ಮ ಅಂತರ್ಯುದ್ಧದ ಕಾಲದಲ್ಲಿ ಇದನ್ನೇ ಮಾಡಿದರು. 1863ರ ಕಾನೂನಿನಲ್ಲಿ 300 ಡಾಲರ್ ಕಟ್ಟಿದರೆ ಬಚಾವ್, ಇಲ್ಲವೇ ಬದಲಿ ಆಳು ಕೊಡಬಹುದಿತ್ತು. ಕೂಲಿಯವನಿಗೆ 300 ಡಾಲರ್ ಅಂದರೆ ಸುಮಾರು ಒಂದು ವರ್ಷದ ದುಡಿಮೆ. ಜುಲೈನಲ್ಲಿ ನ್ಯೂಯಾರ್ಕ್ ಹೊತ್ತಿ ಉರಿಯಿತು. ಸಿಟ್ಟು ಇದ್ದದ್ದು ಶ್ರೀಮಂತರ ಮೇಲೆ. ಆದರೆ ಗುಂಪು ಹುಡುಕಿ ಹೊಡೆದದ್ದು, ಮನೆ ಬಿಟ್ಟು ಓಡಿಸಿದ್ದು ಕಪ್ಪು ಜನರನ್ನು. ಅನ್ಯಾಯದ ಸಿಟ್ಟು ಯಾವಾಗಲೂ ಸರಿಯಾದ ಮನೆಯ ಬಾಗಿಲಿಗೇ ಹೋಗುವುದಿಲ್ಲ.

ಆಗ ಬದಲಿ ಆಳು ಕೊಟ್ಟವರಲ್ಲಿ ಗ್ರೋವರ್ ಕ್ಲೀವ್‌ಲ್ಯಾಂಡ್ ಒಬ್ಬರು. 150 ಡಾಲರ್ ಕೊಟ್ಟು ಪೋಲೆಂಡಿನಿಂದ ಬಂದವನೊಬ್ಬನನ್ನು ಕಳಿಸಿದರು. ಮುಂದೆ ಅಧ್ಯಕ್ಷರೂ ಆದರು. ಅವರನ್ನು ಬೈಯುವ ಮುಂಚೆ ಇನ್ನೊಂದು ಸಂಗತಿ ನೋಡಿ. ಅಪ್ಪ ಇರಲಿಲ್ಲ, ತಾಯಿ, ತಂಗಿಯರಿಗೆ ಅವರ ಸಂಪಾದನೆ ಬೇಕಿತ್ತು, ಇಬ್ಬರು ಸಹೋದರರು ಆಗಲೇ ಸೈನ್ಯದಲ್ಲಿದ್ದರು. ನಮ್ಮೂರಿನಲ್ಲೇ ಆಗಿದ್ದರೆ ‘ಪಾಪ, ಇನ್ನೇನು ಮಾಡ್ತಾನೆ’ ಅನ್ನುತ್ತಿದ್ದೆವು. ಆದರೆ ಅದೇ ಕಷ್ಟ ಇದ್ದು 150 ಡಾಲರ್ ಇಲ್ಲದವನು ಹೋಗಲೇಬೇಕಿತ್ತು.

ಸಿಂಗಾಪುರದಲ್ಲಿ ದುಡ್ಡು ಕಟ್ಟುವುದು ಇದೆ, ಆದರೆ ಅದು ಬಿಡುಗಡೆ ಅಲ್ಲ, ಒತ್ತೆ. ಹದಿಮೂರು ದಾಟಿದ ಹುಡುಗ ಎರಡು ವರ್ಷ ಅಥವಾ ಜಾಸ್ತಿ ಹೊರದೇಶದಲ್ಲಿ ಓದಬೇಕಾದರೆ ಮುಚ್ಚಳಿಕೆ ಕೊಡಬೇಕು. 75,000 ಸಿಂಗಾಪುರ ಡಾಲರ್, ಅಥವಾ ಅಪ್ಪ–ಅಮ್ಮ ಇಬ್ಬರ ವರ್ಷದ ಒಟ್ಟು ಆದಾಯದ ಅರ್ಧ, ಯಾವುದು ದೊಡ್ಡದೋ ಅದು. ಈ ಎರಡನೇ ಭಾಗ ನನಗೆ ಇಷ್ಟ. ಎಲ್ಲರಿಗೂ ಒಂದೇ ಮೊತ್ತ ಇಟ್ಟರೆ ಶ್ರೀಮಂತನಿಗೆ ಅದು ಟಿಕೆಟ್ ದರ. ಆದಾಯಕ್ಕೆ ಕಟ್ಟಿದರೆ ಅವನಿಗೂ ಸ್ವಲ್ಪ ನೋವಾಗುತ್ತದೆ.

ಹಾಗಂತ ಬಾರದೆ ಉಳಿದವರೂ ಇದ್ದಾರೆ. ಪಿಯಾನೊ ವಾದಕ ಮೆಲ್ವಿನ್ ತಾನ್ ಹುಡುಗನಿದ್ದಾಗ ಇಂಗ್ಲೆಂಡಿಗೆ ಹೋದವರು, ಸೇವೆಗೆ ಬರಲಿಲ್ಲ, ಬ್ರಿಟನ್ ಪ್ರಜೆಯಾದರು. 2005ರಲ್ಲಿ ಕೋರ್ಟು ಹಾಕಿದ ದಂಡ 3,000 ಡಾಲರ್. ನಮ್ಮ ಮಕ್ಕಳ ಎರಡು ವರ್ಷದ ಬೆಲೆ ಇಷ್ಟೇನಾ ಅಂತ ಜನ ರೊಚ್ಚಿಗೆದ್ದರು. ಮರು ವರ್ಷವೇ ದಂಡದ ಮಿತಿಯನ್ನು 10,000ಕ್ಕೆ ಏರಿಸಿದರು. ಈಗ ಹೆಚ್ಚು ಕಾಲ ತಪ್ಪಿಸಿಕೊಂಡವರಿಗೆ ಜೈಲೂ ಆಗುತ್ತದೆ. ಆದ್ದರಿಂದ ಪಿಸುಮಾತಿನ ಪ್ರಶ್ನೆಗೆ ಜೋರಾಗಿಯೇ ಉತ್ತರ: ಬೇಡ.

ಓದುವವರಿಗೆ ಬಿಡುವುದು ನ್ಯಾಯವೇ ಅಲ್ವಾ? ಓದು ಹಾಳಾಗುತ್ತದಲ್ಲ.

ಕೇಳಲು ಚೆನ್ನಾಗಿದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕ ಹೀಗೇ ಮಾಡಿತು. ಕಾಲೇಜಿನಲ್ಲಿ ಇರುವ ತನಕ ಮುಂದೂಡಿಕೆ. ಡಿಕ್ ಚೇನಿ ಐದು ಸಲ ಮುಂದೂಡಿಸಿಕೊಂಡರು. ನಾಲ್ಕು ಓದಿಗೆ, ಒಂದು ಮಗು ಬರುವುದಿತ್ತು ಅಂತ. ಮುಂದೆ ರಕ್ಷಣಾ ಮಂತ್ರಿಯಾಗಿ ಬೇರೆಯವರ ಮಕ್ಕಳನ್ನು ಯುದ್ಧಕ್ಕೆ ಕಳಿಸಿದರು. ಡೊನಾಲ್ಡ್ ಟ್ರಂಪ್ ಅವರದೂ ಐದೇ. ನಾಲ್ಕು ಓದು, ಒಂದು ಹಿಮ್ಮಡಿ ಮೂಳೆಯದು. ಯಾರದೂ ಕಾನೂನುಬಾಹಿರ ಅಲ್ಲ.

ಇತ್ತ 1966ರಿಂದ ಸೈನ್ಯದ ಪರೀಕ್ಷೆಯಲ್ಲಿ ಮೊದಲಾದರೆ ಫೇಲ್ ಆಗುತ್ತಿದ್ದ ಹುಡುಗರನ್ನೂ ಮಟ್ಟ ಇಳಿಸಿ ಸೇರಿಸಿಕೊಂಡರು. ಮೂರು ಲಕ್ಷಕ್ಕೂ ಜಾಸ್ತಿ ಜನ. ಕಾಲೇಜು ಸೇರಿದವನಿಗೆ ಬಿಡುಗಡೆ, ಶಾಲೆಯಲ್ಲಿ ಹಿಂದೆ ಬಿದ್ದವನಿಗೆ ಕರೆ. ಕಾಲೇಜಿನ ಫೀಸು ಯಾರು ಕಟ್ಟಬಲ್ಲರು ಅನ್ನುವುದೇ ಯಾರು ಯುದ್ಧಕ್ಕೆ ಹೋಗುತ್ತಾರೆ ಅನ್ನುವುದನ್ನು ತೀರ್ಮಾನಿಸಿತು.

ಕೊನೆಗೆ 1969ರ ಡಿಸೆಂಬರ್ 1ರಂದು ಚೀಟಿ ಎತ್ತಿದರು. ವರ್ಷದ 366 ದಿನಕ್ಕೆ 366 ಚೀಟಿ. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದವರು ಮೊದಲು. ಇದಕ್ಕಿಂತ ನ್ಯಾಯ ಬೇಕಾ ಅಂದುಕೊಂಡರೆ, ಚೀಟಿಯ ಡಬ್ಬಿಗಳನ್ನು ತಿಂಗಳ ಪ್ರಕಾರ ಸುರಿದು ಸರಿಯಾಗಿ ಕಲಸಿರಲಿಲ್ಲ. ವರ್ಷದ ಕೊನೆಯಲ್ಲಿ ಹುಟ್ಟಿದವರಿಗೆ ಬೇಗ ಕರೆ ಬರುವ ಸಾಧ್ಯತೆ ಜಾಸ್ತಿ ಆಯಿತು. ನಮ್ಮೂರ ಚೀಟಿ ವ್ಯವಹಾರದಲ್ಲಿ ಡಬ್ಬಿ ಅಲುಗಾಡಿಸುವಾಗ ಎಲ್ಲರೂ ಕಣ್ಣಿಟ್ಟು ನೋಡುವುದು ಸುಮ್ನೆ ಅಲ್ಲ. ಓದಿನ ಹೊಸ ಮುಂದೂಡಿಕೆ 1971ರಲ್ಲಿ ನಿಂತಿತು, ಕಡ್ಡಾಯ ಭರ್ತಿಯೇ 1973ರಲ್ಲಿ.

ಮಗಳು ಬಿಟಿಎಸ್ ಹುಚ್ಚಿ. ಅವರು ಯಾಕೆ ಹೋಗಬೇಕಾಯಿತು ಅಂತ ಕೇಳುತ್ತಾಳೆ.

ಕುಮಟಾದ ಒಬ್ಬ ಮೇಷ್ಟ್ರ ಪ್ರಶ್ನೆ. ಬಿಟಿಎಸ್ ಅಂದರೆ ದಕ್ಷಿಣ ಕೊರಿಯಾದ ಪಾಪ್ ಹಾಡುಗಾರ ಹುಡುಗರ ತಂಡ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತ ಗಂಡಸರೆಲ್ಲ ಹೋಗಬೇಕು. ಭೂಸೇನೆಯಲ್ಲಿ ಈಗ 18 ತಿಂಗಳು. ಒಲಿಂಪಿಕ್ಸ್‌ನಲ್ಲಿ ಯಾವ ಪದಕ ಬಂದರೂ, ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಬಂದರೆ, ಕೆಲವು ವಾರದ ತರಬೇತಿ ಮತ್ತು ಬದಲಿ ಸೇವೆ ಸಾಕು. ಫುಟ್‌ಬಾಲಿಗ ಸನ್ ಹ್ಯೂಂಗ್‌ಮಿನ್ 2018ರ ಚಿನ್ನದಿಂದ ಹಾಗೆ ಮೂರು ವಾರದಲ್ಲಿ ತರಬೇತಿ ಮುಗಿಸಿದರು. ದೊಡ್ಡ ಸ್ಪರ್ಧೆ ಗೆದ್ದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಗಾರರಿಗೂ ಇದು ಇದೆ. ಪಾಪ್ ಹಾಡುಗಾರರಿಗೆ ಇಲ್ಲ. ಖಯಾಲ್ ಹಾಡಿದವನಿಗೆ ಮಾಫಿ, ಯಕ್ಷಗಾನದ ಭಾಗವತರಿಗೆ ಇಲ್ಲ ಅಂದ ಹಾಗೆ! 2020ರ ಡಿಸೆಂಬರಿನಲ್ಲಿ ಕಾನೂನು ತಿದ್ದಿ ಅಂಥ ಹಾಡುಗಾರರು 30 ವರ್ಷದ ತನಕ ಮುಂದೂಡಬಹುದು ಅಂತ ಮಾಡಿದರು. ಬಿಟಿಎಸ್‌ನ ಜಿನ್ 2022ರ ಡಿಸೆಂಬರಿನಲ್ಲಿ ಸೇರಿದ. ಉಳಿದವರೂ ಒಬ್ಬೊಬ್ಬರಾಗಿ ಹೋಗಿ 2025ರ ಜೂನ್ ಹೊತ್ತಿಗೆ ಎಲ್ಲ ಮುಗಿಸಿದರು. ಮಗಳಿಗೆ ಹೇಳಿ, ಅವರ ಮರ್ಯಾದೆ ಇದರಿಂದ ಜಾಸ್ತಿಯೇ ಆಯಿತು.

ಅಲ್ಲಿ ರಾಜಕಾರಣಿಗಳ ಮಕ್ಕಳು ಹೋಗುತ್ತಾರಾ?

ಹೋಗದಿದ್ದರೆ ಅಪ್ಪ ಸೋಲುತ್ತಾನೆ. ಲೀ ಹೋಯ್‌ಚಾಂಗ್ ಅನ್ನುವವರು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು, ನೇರ ಮನುಷ್ಯ ಅಂತ ಹೆಸರು. 1997ರ ಅಧ್ಯಕ್ಷ ಚುನಾವಣೆಯಲ್ಲಿ ಅವರ ಇಬ್ಬರು ಗಂಡುಮಕ್ಕಳಿಗೂ ತೂಕ ಕಮ್ಮಿ ಅಂತ ಮಾಫಿ ಸಿಕ್ಕಿದ್ದು ಹೊರಗೆ ಬಂತು. ಅದು ಅವರ ಬೆನ್ನು ಬಿಡಲಿಲ್ಲ. ಸ್ವಲ್ಪದರಲ್ಲಿ ಸೋತರು. 2002ರಲ್ಲೂ ಸೋತರು.

ಇನ್ನು ನಮ್ಮ ಕಡೆ ಯಾರು ಹೋಗುತ್ತಾರೆ ನೋಡಿ. ಕಾರವಾರದ ಬೀಚಿನಲ್ಲಿ ಚಪಲ್ ಯುದ್ಧನೌಕೆ ನೋಡಲು ಹೋದಾಗ ಪಕ್ಕದಲ್ಲಿ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ ನೋಡಿರುತ್ತೀರಿ. ಚೆಂಡಿಯಾ ಊರಿನ ಮನೆತನ, ಪೊಲೀಸ್ ಕಾನ್‌ಸ್ಟೇಬಲ್ ಮಗ. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಗೆ ಟ್ಯಾಂಕುಗಳು ಹೋಗಲು ದಾರಿಯ ನೆಲಬಾಂಬುಗಳನ್ನು ತೆಗೆದು ಪರಮವೀರ ಚಕ್ರ ಪಡೆದವರು. ನಮ್ಮ ಜಿಲ್ಲೆಯಿಂದ ಸೈನ್ಯಕ್ಕೆ ಹೋದವರ ಮನೆಗಳನ್ನು ಲೆಕ್ಕ ಹಾಕಿ ನೋಡಿ. ಕಾನ್‌ಸ್ಟೇಬಲ್ ಮಕ್ಕಳು, ಮೀನುಗಾರರ ಮಕ್ಕಳು, ಗೇಣಿ ರೈತರ ಮಕ್ಕಳು. ಕಡ್ಡಾಯ ಇಲ್ಲದ ದೇಶದಲ್ಲೂ ಬಡತನ ಚೀಟಿ ಎತ್ತುತ್ತಲೇ ಇರುತ್ತದೆ.

ಇಸ್ರೇಲಿನಲ್ಲಿ ಮಠದಲ್ಲಿ ಓದುವವರಿಗೆ ಸೇವೆ ಇಲ್ಲವಂತೆ?

1948ರಲ್ಲಿ ಸುಮಾರು 400 ಧರ್ಮಗ್ರಂಥ ವಿದ್ಯಾರ್ಥಿಗಳಿಗೆ ಅಂತ ಶುರುವಾಯಿತು. ವರ್ಷ ವರ್ಷ ಮುಂದೂಡಿ, ವಯಸ್ಸು ದಾಟಿದ ಮೇಲೆ ಮಾಫಿ. ಆ ಸಂಖ್ಯೆ ಬೆಳೆದು ಹತ್ತಾರು ಸಾವಿರ ಆಯಿತು. 2024ರ ಜೂನ್ 25ರಂದು ಅಲ್ಲಿನ ಸುಪ್ರೀಂ ಕೋರ್ಟು, ಇದಕ್ಕೆ ಕಾನೂನಿನ ಆಧಾರ ಇಲ್ಲ, ಅವರನ್ನೂ ಕರೆಯಬೇಕು ಅಂತ ಒಮ್ಮತದಿಂದ ಹೇಳಿತು. ಜಗಳ ಇನ್ನೂ ಆರಿಲ್ಲ.

ಒಬ್ಬನೇ ಮಗ. ತೋಟ ನೋಡುವವರಿಲ್ಲ. ಇದು ಕಾರಣ ಆಗುವುದಿಲ್ಲವಾ?

ಈಜಿಪ್ಟಿನಲ್ಲಿ ಆಗುತ್ತದೆ. ಒಬ್ಬನೇ ಮಗನಿಗೆ ಅಲ್ಲಿ ವಿನಾಯಿತಿ ಇದೆ. ಅಮೆರಿಕದಲ್ಲಿ 1942ರ ನವೆಂಬರಿನಲ್ಲಿ ಜುನೊ ಹಡಗು ಮುಳುಗಿದಾಗ ಸಲಿವನ್ ಮನೆಯ ಐದೂ ಅಣ್ಣತಮ್ಮಂದಿರು ಹೋದರು. ಒಂದೇ ಮನೆ, ಐದು ಮಕ್ಕಳು. ಮುಂದೆ ಅಲ್ಲಿ ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡ ಮನೆಯ ಉಳಿದ ಒಬ್ಬನೇ ಮಗನನ್ನು ಕಾಯುವ ನಿಯಮ ಬಂತು. ಬ್ರಿಟನ್ನಿನಲ್ಲಿ 1916ರಲ್ಲಿ ಕಡ್ಡಾಯ ಭರ್ತಿ ಶುರುವಾದಾಗ ಊರೂರಿಗೆ ಪಂಚಾಯ್ತಿಯಂಥ ಮಂಡಳಿ ಇಟ್ಟರು. ಹೊಲ ನೋಡುವವರಿಲ್ಲ, ತಾಯಿಗೆ ಕಾಯಿಲೆ ಅಂತ ಸಾವಿರಾರು ಅರ್ಜಿ ಬಂದವು. ಕೂತು ತೀರ್ಪು ಕೊಡುವವರು ಅದೇ ಊರಿನ ದೊಡ್ಡ ಕುಳಗಳು. ಯಾರ ತಾಯಿಯ ಕಾಯಿಲೆ ಕಾಯಿಲೆಯಾಗಿ ಕಂಡಿರಬಹುದು ಅಂತ ನೀವೇ ಊಹಿಸಿ.

ಮನೆಯ ಕಷ್ಟಕ್ಕೆ ಬಿಡುವುದನ್ನು ನಾನು ಸವಲತ್ತು ಅನ್ನುವುದಿಲ್ಲ. ಅದು ಕರುಣೆ, ಇರಲೇಬೇಕು. ಆದರೆ ಸಿಂಗಾಪುರದಲ್ಲಿ ಒಬ್ಬನೇ ಮಗ ಅನ್ನುವುದು ಮಾಫಿಗೆ ಕಾರಣ ಅಲ್ಲ. ಎರಡು ವರ್ಷ ತೋಟ ಗುತ್ತಿಗೆಗೆ ಕೊಡಿ.

ಪರವಾನಗಿಯನ್ನೇ ವಾಪಸ್ ಕೊಟ್ಟು ಬಂದುಬಿಟ್ಟರೆ?

ಕೊಡಬಹುದು. ಆದರೆ ಸೇವೆ ಮಾಡದೆ ಬಿಟ್ಟ ಹುಡುಗ ಮುಂದೆ ಅಲ್ಲಿ ಓದಲು, ಕೆಲಸಕ್ಕೆ ಅರ್ಜಿ ಹಾಕಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನೋಟಿಸು ಬಂದ ಮೇಲೆ ಓಡಿ ಬರಬೇಡಿ. ಮಗ ಚಿಕ್ಕವನಿರುವಾಗಲೇ, ಪರವಾನಗಿಗೆ ಹೆಸರು ಸೇರಿಸುವ ಮುಂಚೆ ಯೋಚಿಸಿ.

ಅರ್ಜಿಯಲ್ಲಿ ಪರಿಚಯದವರ ಹೆಸರು ಬರೆಯಲಾ?

ಬೇಡ. ಓದಿನ ಪತ್ರ, ಆಸ್ಪತ್ರೆಯ ಪತ್ರ, ಮುಗಿಯುವ ತಾರೀಕು. ಅಷ್ಟೇ.

ಮಾರಿಕಾಂಬಾ ಜಾತ್ರೆಗೆ ಮೊಮ್ಮಗನಿಗೆ ರಜೆ ಸಿಗುತ್ತದಾ?

ಮೊದಲ ತರಬೇತಿಯ ತಿಂಗಳುಗಳಲ್ಲಿ ಆಸೆ ಬಿಡಿ. ಆಮೇಲೆ ವರ್ಷದ ರಜೆ ಇದೆ, ಮೇಲಿನವರ ಒಪ್ಪಿಗೆ ಪಡೆದು ದೇಶ ಬಿಟ್ಟು ಬರಬಹುದು. ಜಾತ್ರೆ ಎರಡು ವರ್ಷಕ್ಕೊಮ್ಮೆ, ಸೇವೆಯೂ ಎರಡು ವರ್ಷ. ನನ್ನ ಮಗನಿಗೆ ಸರಿಯಾಗಿ ತರಬೇತಿಯ ಹೊತ್ತಿಗೇ ಜಾತ್ರೆ ಬಂದಿತ್ತು. ರಥ ಹೊರಡುವುದನ್ನು ಅಮ್ಮ ಫೋನಿನಲ್ಲಿ ತೋರಿಸಿದಳು. ಅವನ ಪಾಳಿ ಬಂದು ಮಧ್ಯದಲ್ಲೇ ಕಟ್ ಆಯಿತು.